ವಹ್ನಿಮಿತ್ರೆ

ತುಂಗೆಯ ತಡಿಗೆ ಬಂದವರ ಕಣ್ಣನ್ನು ಮೊದಲು ಸೆಳೆಯುವುದು ಕಲ್ಲು. ಶೃಂಗೇರಿಯ ವಿದ್ಯಾಶಂಕರ ದೇಗುಲದ ಹನ್ನೆರಡು ರಾಶಿಗಂಬಗಳ ನಡುವೆ ನಿಂತರೆ, ಹೊಯ್ಸಳರ ಕಾಲದ ಕೈಚಳಕ ವಿಜಯನಗರದ ಹೊಸ ಅರಸರ ಕಾಲಕ್ಕೆ ದಾಟಿಬಂದ ಗಳಿಗೆ ಕಣ್ಣಮುಂದೆ ಸುಳಿಯುತ್ತದೆ. ಕಲ್ಲಿಗೆ ಶಾಸನವುಂಟು, ತಾಮ್ರಪಟಕ್ಕೆ ಮುದ್ರೆಯುಂಟು, ತಾಳೆಗರಿಗೆ ಮಠದ ಭಂಡಾರವುಂಟು. ಅವುಗಳನ್ನು ಓದಿ ಅರಸರ, ಯತಿಗಳ, ಕವಿಗಳ ಚರಿತ್ರೆಯನ್ನು ನಮ್ಮ ಹಿರಿಯರು ಬರೆದಿಟ್ಟರು. ಮಣ್ಣಿಗೆ ಅಂಥ ಭಾಗ್ಯ ಬರಲಿಲ್ಲ. ಬೆಂಕಿಯ ಬಾಯಿಗೆ ಹೊಕ್ಕು ಹೊರಬಂದು, ತನ್ನ ಒಡಲಲ್ಲಿ ಮದ್ದನ್ನು ಹಣ್ಣು ಮಾಡಿಕೊಟ್ಟು, ಕೆಲಸ ಮುಗಿದೊಡನೆ ಒಡೆದು ಬೂದಿಗುಂಡಿಗೆ ಬಿದ್ದ ಮಣ್ಣಿನ ಪಾತ್ರೆಯನ್ನು ಚರಿತ್ರೆ ಹೊರಳಿ ನೋಡಲಿಲ್ಲ.

ಆ ಪಾತ್ರೆಗೆ ಕನ್ನಡದಲ್ಲಿ ಮೂಸೆ ಎಂದು ಹೆಸರು. ಸಂಸ್ಕೃತದ ರಸಗ್ರಂಥಗಳು ಅದನ್ನು ಮೂಷಾ ಎಂದವು. ದೋಷವನ್ನು ಕದ್ದೊಯ್ಯುವುದರಿಂದ ಆ ಹೆಸರು ಬಂತೆಂದು ಅರ್ಥ ಹೇಳಿದವು. ಅಷ್ಟಕ್ಕೆ ತೃಪ್ತಿಯಾಗದೆ ಕುಮುದೀ, ಪಾಚನೀ, ಕರಹಾಟಿಕಾ ಎಂದು ಮತ್ತಷ್ಟು ಹೆಸರಿಟ್ಟವು. ಅವುಗಳಲ್ಲೆಲ್ಲ ಒಂದು ಹೆಸರು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ: ವಹ್ನಿಮಿತ್ರಾ. ಬೆಂಕಿಯ ಗೆಳತಿ. ಚಿನ್ನ ಕರಗುವ, ಕಬ್ಬಿಣ ಕೆಂಪಾಗುವ ಉರಿಯಲ್ಲಿ ಕುಳಿತೂ ಕದಲದವಳು. ಆ ಗೆಳತಿಯ ಕಥೆಯನ್ನು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಈ ಘಟ್ಟದ ಸೀಮೆಯಲ್ಲಿ ನಿಂತು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಮಠದ ನೆರಳಿನಲ್ಲಿ ಪಾದರಸದ ದರ್ಶನ

1346ನೆಯ ಇಸವಿ. ವಿಜಯನಗರದ ದೊರೆ ಹರಿಹರನೂ ಅವನ ತಮ್ಮಂದಿರೂ ತಮ್ಮ ಗೆಲುವನ್ನು ಗುರುವಿನ ಪಾದಕ್ಕೆ ಒಪ್ಪಿಸಲು ಶೃಂಗೇರಿಗೆ ಬಂದರು. ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ದಾನವನ್ನು ಸಾರುವ ಶಾಸನ ಇಂದಿಗೂ ಉಳಿದಿದೆ. ಭಾರತೀತೀರ್ಥರ ತರುವಾಯ 1380ರಲ್ಲಿ ಪೀಠವನ್ನೇರಿದವರು ವಿದ್ಯಾರಣ್ಯರು. ಮಾಧವಾಚಾರ್ಯರೇ ಸಂನ್ಯಾಸ ಸ್ವೀಕರಿಸಿ ವಿದ್ಯಾರಣ್ಯರಾದರೆಂದು ಪರಂಪರೆ ನಂಬುತ್ತದೆ. ಆ ಮಾಧವರ ಹೆಸರಿನಲ್ಲಿ ಬಂದ ಮಹಾಗ್ರಂಥ ಸರ್ವದರ್ಶನಸಂಗ್ರಹ. ಭಾರತದ ದರ್ಶನಗಳನ್ನೆಲ್ಲ ಒಂದೊಂದಾಗಿ ಕರೆದು, ಪ್ರತಿಯೊಂದಕ್ಕೂ ಅದರದೇ ಮಾತಿನಲ್ಲಿ ವಾದ ಹೂಡಲು ಅವಕಾಶ ಕೊಟ್ಟ ಗ್ರಂಥವದು.

ಚಾರ್ವಾಕರಿಂದ ಮೊದಲಾಗುವ ಆ ಸಾಲಿನಲ್ಲಿ ಒಂಬತ್ತನೆಯದು ರಸೇಶ್ವರ ದರ್ಶನ. ಪಾದರಸವನ್ನು ದೇವರೆಂದು ಕಂಡವರ ಮತ ಅದು. ಮುಕ್ತಿ ಬೇಕಾದವನಿಗೆ ಮೊದಲು ಗಟ್ಟಿಯಾದ ದೇಹ ಬೇಕು. ದೇಹ ಬಿದ್ದುಹೋದ ಮೇಲೆ ದೊರೆಯುವ ಮುಕ್ತಿಯನ್ನು ಕಂಡವರಾರು? ಆದ್ದರಿಂದ ದೇಹವನ್ನು ರಸದಿಂದ ಸ್ಥಿರಗೊಳಿಸು. ಇದು ಅವರ ವಾದದ ಸಾರ. ಅದ್ವೈತದ ತವರಿನಲ್ಲಿ, ದೇಹವನ್ನು ನಶ್ವರವೆಂದು ಸಾರುವ ಪೀಠದ ಪರಂಪರೆಯಲ್ಲಿ, ದೇಹವನ್ನು ಉಳಿಸಿಕೊಳ್ಳುವ ಈ ಹಟಕ್ಕೂ ಒಂದು ಗೌರವದ ಮಣೆ ಸಿಕ್ಕಿತು. ಆ ಅಧ್ಯಾಯ ರಸಾರ್ಣವವನ್ನು ನೆನೆಯುತ್ತದೆ, ರಸಹೃದಯವನ್ನು ನೆನೆಯುತ್ತದೆ, ರಸದಿಂದ ಸಿದ್ಧಿ ಪಡೆದವರ ಪಟ್ಟಿಯಲ್ಲಿ ಗೋವಿಂದ ಭಗವತ್ಪಾದರ ಹೆಸರನ್ನೂ ಹೇಳುತ್ತದೆ. ಶಂಕರರ ಗುರುವಿನ ಹೆಸರೂ ಅದೇ. ಇಬ್ಬರೂ ಒಬ್ಬರೇ ಎಂಬುದನ್ನು ಕಾಲಗಣನೆ ಮಾಡುವ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಆ ಹೆಸರಿನ ಸಾಮ್ಯವೇ ಜನರ ಮನಸ್ಸಿನಲ್ಲಿ ವೇದಾಂತದ ಗುಹೆಯನ್ನೂ ರಸವಾದಿಯ ಕುಲುಮೆಯನ್ನೂ ಹತ್ತಿರ ತಂದಿತು.

ದರ್ಶನ ದೇಹದ ಮಾತಾಡಿತು, ಪಾದರಸದ ಮಾತಾಡಿತು. ಪಾದರಸ ನಿಲ್ಲುವುದಾದರೂ ಎಲ್ಲಿ? ಅಂಗೈಯಲ್ಲಿ ನಿಲ್ಲದು; ತಾಮ್ರ, ಬೆಳ್ಳಿ, ಚಿನ್ನದ ಪಾತ್ರೆಯನ್ನು ತಿಂದುಹಾಕೀತು; ಕಾಯಿಸಿದರೆ ಆವಿಯಾಗಿ ಹಾರೀತು. ಉರಿಯಲ್ಲೂ ಅದನ್ನು ಹಿಡಿದು ನಿಲ್ಲಿಸಲು ಆ ಕಾಲದ ಮನುಷ್ಯ ಮುಖ್ಯವಾಗಿ ನೆಚ್ಚಿದ್ದು ಎರಡು ವಸ್ತುಗಳನ್ನು. ಒಂದು ಸುಟ್ಟ ಮಣ್ಣು, ಇನ್ನೊಂದು ಗಾಜು. ರಸೇಶ್ವರ ದರ್ಶನದ ಇಡೀ ಗೋಪುರ ಕುಂಬಾರನ ಜಗಲಿಯ ಮೇಲೆ ನಿಂತಿತ್ತು.

ಮೂರು ಪಾಲು ಮಣ್ಣು

ಮಣ್ಣಿನ ಹದವನ್ನು ಬರೆದಿಡುವ ವಿದ್ಯೆ ಕನ್ನಡ ನಾಡಿಗೆ ವಿಜಯನಗರದ ಕಾಲಕ್ಕೆ ಹೊಸದಾಗಿರಲಿಲ್ಲ. ಅದಕ್ಕೂ ಎರಡು ಶತಮಾನ ಮೊದಲು, ಸುಮಾರು 1130ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ರಚಿಸಿದ. ಮೇಣದ ಬೊಂಬೆಯ ಮೇಲೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಸಿ, ಆ ಪೊಳ್ಳಿಗೆ ಲೋಹ ಹೊಯ್ದು ದೇವರ ಮೂರ್ತಿಯನ್ನು ಎರಕಹೊಯ್ಯುವ ಕ್ರಮವನ್ನು ಅವನು ಅಲ್ಲಿ ವಿವರಿಸುತ್ತಾನೆ. ಮಣ್ಣಿಗೆ ಸುಟ್ಟ ಉಮಿಯನ್ನು ಸೇರಿಸಬೇಕು, ಸಣ್ಣಗೆ ಕತ್ತರಿಸಿದ ಹತ್ತಿಯನ್ನು ಸೇರಿಸಬೇಕು, ಸ್ವಲ್ಪ ಉಪ್ಪು ಹಾಕಬೇಕು, ಕಲ್ಲಿನ ಮೇಲೆ ನುಣ್ಣಗೆ ಅರೆಯಬೇಕು. ಮೂರು ಸಲ ಬಳಿಯಬೇಕು. ಮೊದಲಿನದು ತೆಳುವಾಗಿರಬೇಕು, ನೆರಳಲ್ಲಿ ಒಣಗಬೇಕು. ರತ್ನಗಂಬಳಿಯ ಮೇಲೆ ಕುಳಿತ ಚಕ್ರವರ್ತಿಯೊಬ್ಬ ಹೊಟ್ಟು, ಹತ್ತಿ, ಉಪ್ಪಿನ ಲೆಕ್ಕವನ್ನು ಇಷ್ಟು ಶ್ರದ್ಧೆಯಿಂದ ಬರೆಸಿದ ಎಂಬುದನ್ನು ನೆನೆದಾಗಲೆಲ್ಲ ಆ ಯುಗದ ಬಗ್ಗೆ ನನ್ನ ಗೌರವ ಇಮ್ಮಡಿಯಾಗುತ್ತದೆ.

ಮೂಸೆಯ ವಿದ್ಯೆ ಪೂರ್ಣರೂಪ ತಾಳಿದ್ದು ಹದಿಮೂರನೆಯ ಶತಮಾನದ ಆಸುಪಾಸಿನ ರಸರತ್ನಸಮುಚ್ಚಯದಲ್ಲಿ. ವಾಗ್ಭಟನ ಹೆಸರಿನಲ್ಲಿರುವ ಈ ಗ್ರಂಥವನ್ನು ಆಚಾರ್ಯ ಪ್ರಫುಲ್ಲಚಂದ್ರ ರೇ ಅವರು 1902ರಲ್ಲಿ ಹೊರಬಂದ ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಜಗತ್ತಿಗೆ ಪರಿಚಯಿಸಿದರು. ಅದರ ಒಂದು ಅಧ್ಯಾಯವೇ ಮೂಸೆಗಳಿಗೆ ಮೀಸಲು. ವಜ್ರಮೂಸೆ, ಯೋಗಮೂಸೆ, ಗಾರಮೂಸೆ, ವರ್ಣಮೂಸೆ, ಗೋಸ್ತನಮೂಸೆ, ಮಲ್ಲಮೂಸೆ ಹೀಗೆ ಸಾಲುಸಾಲು. ಮಾಡಲು ಹೊರಟ ಕೆಲಸಕ್ಕೆ ತಕ್ಕ ಆಕಾರ, ಉರಿಗೆ ತಕ್ಕ ಮಣ್ಣು.

ಅವುಗಳಲ್ಲಿ ವಜ್ರಮೂಸೆಯ ಪಾಕವನ್ನು ನೋಡಿ. ಮೂರು ಪಾಲು ಮಣ್ಣು. ಸೆಣಬು ಮತ್ತು ಕುದುರೆಯ ಲದ್ದಿ ಸೇರಿ ಎರಡು ಪಾಲು. ಸುಟ್ಟ ಉಮಿ ಮತ್ತು ಕಲ್ಲಿನ ಪುಡಿ ಸೇರಿ ಒಂದು ಪಾಲು. ಕಬ್ಬಿಣದ ಕಿಟ್ಟ ಅರ್ಧ ಪಾಲು. ಎಲ್ಲವನ್ನೂ ಕುಟ್ಟಿ ಕಲಸಿ ಮೂಸೆ ಮಾಡಬೇಕು. ಹೇಳಿದ ಬಿಳಿಮಿಶ್ರಿತ ಗಟ್ಟಿ ಮಣ್ಣು ಸಿಗದಿದ್ದರೆ ಹುತ್ತದ ಮಣ್ಣು ಆದೀತು, ಕುಂಬಾರನ ಮಣ್ಣಾದರೂ ಆದೀತು ಎಂಬ ಔದಾರ್ಯವೂ ಆ ಗ್ರಂಥಕ್ಕುಂಟು.

ಮಲೆನಾಡಿನವರಿಗೆ ಈ ಪಟ್ಟಿಯಲ್ಲಿ ಅಪರಿಚಿತವಾದದ್ದು ಯಾವುದೂ ಇಲ್ಲ. ಹುತ್ತ ಪ್ರತಿ ಹಾಡ್ಯದಲ್ಲೂ ಇದೆ. ಗದ್ದೆಯ ಬತ್ತವನ್ನು ಕುಟ್ಟಿದ ಮೇಲೆ ಉಳಿಯುವ ಉಮಿ ಪ್ರತಿ ಕಣದಲ್ಲೂ ರಾಶಿ ಬಿದ್ದಿರುತ್ತಿತ್ತು. ಅದನ್ನು ಸುಟ್ಟು ಹಲ್ಲುಜ್ಜಲು ಇಟ್ಟುಕೊಳ್ಳದ ಹಳೆಯ ಮನೆ ಘಟ್ಟದ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಆ ಉಮಿಯನ್ನು ಪೂರ್ತಿ ಸುಟ್ಟರೆ ತೂಕದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ನೂರಕ್ಕೆ 90ರಷ್ಟು ಸಿಲಿಕಾ. ಮರಳಿನ ಜೀವದ್ರವ್ಯವೂ ಅದೇ, ಗಾಜಿನ ಜೀವದ್ರವ್ಯವೂ ಅದೇ. ಬತ್ತದ ಪೈರು ಕೆಸರಿನಿಂದ ಅದನ್ನು ಹೀರಿ, ಕಾಳಿನ ಕವಚದಲ್ಲಿ ಜೋಪಾನ ಮಾಡಿ ಇಟ್ಟಿರುತ್ತದೆ.

ಇಂದಿನ ವಿಜ್ಞಾನದ ಕಣ್ಣಿನಿಂದ ವಜ್ರಮೂಸೆಯನ್ನು ಬಿಡಿಸಿ ನೋಡಿದರೆ ಪ್ರತಿಯೊಂದು ಪಾಲಿಗೂ ಅದರದೇ ಹೊಣೆ ಇರುವುದು ತಿಳಿಯುತ್ತದೆ. ಸೆಣಬಿನ ನಾರು ಹಸಿ ಮಣ್ಣನ್ನು ಬಿರಿಯದಂತೆ ಹಿಡಿದಿಡುತ್ತದೆ. ಬೆಂಕಿ ತಾಗಿದೊಡನೆ ನಾರೂ ಲದ್ದಿಯೂ ಸುಟ್ಟುಹೋಗಿ ಗೋಡೆಯೊಳಗೆ ಸಣ್ಣ ಸಣ್ಣ ಪೊಳ್ಳುಗಳನ್ನು ಬಿಡುತ್ತವೆ. ಒಮ್ಮೆಲೆ ಕಾದು ಒಮ್ಮೆಲೆ ಆರುವಾಗ ಹುಟ್ಟುವ ಸೀಳು ಆ ಪೊಳ್ಳಿಗೆ ಬಂದು ನಿಲ್ಲುತ್ತದೆ, ಮುಂದೆ ಓಡುವುದಿಲ್ಲ. ಉಮಿಯ ಸಿಲಿಕಾ ಕಡು ಉರಿಯನ್ನು ತಡೆಯುತ್ತದೆ. ಕಿಟ್ಟದ ಕಬ್ಬಿಣ ಹದವಾಗಿ ಕರಗಿ ಕಣವನ್ನು ಕಣಕ್ಕೆ ಬೆಸೆಯುತ್ತದೆ. ನಾರು ಹಾಕಿ ಬಲಪಡಿಸುವುದು, ಪೊಳ್ಳು ಬಿಟ್ಟು ಬಿರುಕನ್ನು ತಡೆಯುವುದು, ಹಲವು ದ್ರವ್ಯಗಳನ್ನು ಪ್ರಮಾಣವಿಟ್ಟು ಬೆರೆಸಿ ಯಾವ ಒಂದು ದ್ರವ್ಯಕ್ಕೂ ಇಲ್ಲದ ಗುಣವನ್ನು ಪಡೆಯುವುದು: ಇವೆಲ್ಲ ಇಂದಿನ ಸೆರಾಮಿಕ್ ಪ್ರಯೋಗಾಲಯಗಳ ನಿತ್ಯದ ಕೆಲಸ. ಪ್ರಯೋಗಾಲಯವೆಂಬ ಪದ ನಮಗೆ ಬರುವ ಎಷ್ಟೋ ಮೊದಲು ತೂಕ ಹಾಕಿ, ಸುಟ್ಟು, ಒಡೆದು, ಮತ್ತೆ ತೂಕ ಬದಲಿಸಿ ನೋಡಿದ ಕೈಗಳು ಇಲ್ಲಿದ್ದವು.

ಇದೇ ಬಗೆಯ ಮಣ್ಣು ಮತ್ತು ಉಮಿಯ ಮೂಸೆಗಳಲ್ಲಿ ಮೈಸೂರು ಸೀಮೆಯ ಕಮ್ಮಾರರು ಉಕ್ಕನ್ನು ಬೇಯಿಸಿದರು. ದಕ್ಷಿಣದ ಆ ಉಕ್ಕು ವೂಟ್ಜ್ ಎಂಬ ಹೆಸರು ಹೊತ್ತು ಜಗತ್ತನ್ನು ಬೆರಗುಗೊಳಿಸಿತು. ಖಡ್ಗದ ಕೀರ್ತಿ ಕಡಲಾಚೆಗೂ ಹೋಯಿತು. ಅದನ್ನು ಹೆತ್ತ ಮೂಸೆಯ ಚೂರುಗಳು ಮಾತ್ರ ಕುಲುಮೆಯ ಪಕ್ಕದ ದಿಬ್ಬದಲ್ಲೇ ಉಳಿದವು.

ದಿಕ್ಕಿಗೊಂದು ಕೆಲಸ

ರಸರತ್ನಸಮುಚ್ಚಯ ರಸಶಾಲೆಯ ನಕ್ಷೆಯನ್ನೂ ಕೊಡುತ್ತದೆ. ಪೂರ್ವಕ್ಕೆ ರಸಭೈರವನ ಪೂಜೆ. ಆಗ್ನೇಯದಲ್ಲಿ ಬೆಂಕಿಯ ಕೆಲಸ. ದಕ್ಷಿಣದಲ್ಲಿ ಕಲ್ಲಿನ ಕೆಲಸ, ನೈಋತ್ಯದಲ್ಲಿ ಶಸ್ತ್ರದ ಕೆಲಸ, ಪಶ್ಚಿಮದಲ್ಲಿ ತೊಳೆಯುವುದು, ವಾಯವ್ಯದಲ್ಲಿ ಒಣಗಿಸುವುದು. ಉತ್ತರದಲ್ಲಿ ಕೀಳು ಲೋಹವನ್ನು ಮೇಲು ಲೋಹವಾಗಿಸುವ ಲೋಹವೇಧ, ಈಶಾನ್ಯದಲ್ಲಿ ಸಿದ್ಧವಾದ ವಸ್ತುಗಳ ದಾಸ್ತಾನು. ಬೆಂಕಿಯನ್ನೂ ನೀರನ್ನೂ ದೂರವಿಟ್ಟ, ಗಾಳಿ ಬೀಸುವ ಮೂಲೆಗೆ ಒಣಗಿಸುವುದನ್ನು ಒಪ್ಪಿಸಿದ ಈ ಮನೆಯಲ್ಲಿ ಭಕ್ತಿಯೂ ವ್ಯವಸ್ಥೆಯೂ ಒಂದೇ ಸೂರಿನಡಿ ಬಾಳಿದವು.

ಅಲ್ಲಿಯ ಮೂಸೆಗಳ ಪೈಕಿ ಒಂದರ ಹೆಸರು ವೃಂತಾಕಮೂಸೆ. ಬದನೆಕಾಯಿಯ ಆಕಾರ. ಅದಕ್ಕೆ ಹನ್ನೆರಡು ಅಂಗುಲದ ನಳಿಗೆ. ನಳಿಗೆಯ ತುದಿ ಉಮ್ಮತ್ತಿ ಹೂವಿನಂತೆ ಅರಳಿರಬೇಕು. ಖರ್ಪರವೆಂಬ ಸತುವಿನ ಅದಿರಿನಿಂದ ಸತ್ತ್ವವನ್ನು ಇಳಿಸುವುದಕ್ಕೆ ಇದು. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುವ ಲೋಹ. ತೆರೆದ ಮೂಸೆಯಲ್ಲಿ ಕಾಯಿಸಿದರೆ ಗಾಳಿಗೆ ಸಿಕ್ಕು ಬಿಳಿಯ ಹೊಗೆಯಾಗಿ ಹೋಗುತ್ತದೆ. ಹೋಗದಂತೆ ನಳಿಗೆಯ ದಾರಿ ಹಿಡಿಸಿ, ತಂಪಾದ ಕಡೆ ಇಳಿಸಿ ಹನಿಯಾಗಿಸಬೇಕು. ರಾಜಸ್ಥಾನದ ಜಾವರ್‌ನಲ್ಲಿ ಅಗೆದಾಗ ಇದೇ ಬದನೆಕಾಯಿಯಾಕಾರದ ಮಣ್ಣಿನ ಭಟ್ಟಿಗಡಿಗೆಗಳು, ಒಂದೊಂದು ಕುಲುಮೆಗೆ 36ರಂತೆ ಜೋಡಿಸಿದವು, ಸಿಕ್ಕವು. ಬರೋಡಾದ ಕೆ.ಟಿ.ಎಂ. ಹೆಗಡೆಯವರೂ ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್ ಅವರೂ ಆ ಶೋಧದಲ್ಲಿ ಪಾಲುಗೊಂಡವರು. ಶ್ಲೋಕದಲ್ಲಿದ್ದ ಬದನೆಕಾಯಿ ನೆಲದೊಳಗಿಂದಲೂ ಎದ್ದುಬಂತು. ಹೀಗೆ ಇಳಿದ ಸತುವನ್ನು ಸುಟ್ಟು ಮಾಡಿದ ಯಶದ ಭಸ್ಮವನ್ನು ವೈದ್ಯರು ಕಣ್ಣಿನ ಬೇನೆಗೆ ಬಳಸಿದರು. ಸತುವಿನ ಆಕ್ಸೈಡ್ ಇಂದು ಹಲ್ಲಿನ ಸಿಮೆಂಟಿನಲ್ಲೂ ಚರ್ಮದ ಮುಲಾಮಿನಲ್ಲೂ ಇದೆ.

ಗಾಜಿನ ಸೀಸೆ, ಏಳು ಸುತ್ತು ಮಣ್ಣು

ಮೂಸೆಯ ತಂಗಿ ಗಾಜು. ಘಟ್ಟದಿಂದ ಮೂಡಲಿಗೆ ಇಳಿದು ಬಯಲುಸೀಮೆಗೆ ಹೋದರೆ, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಎಂಬ ಊರಿದೆ. ಬಳೆಗೆ ಹೆಸರಾದ ಊರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈ ನಾಡನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಗಾಜಿನ ಕುಲುಮೆಗಳನ್ನು ಕಂಡು ಬರೆದ. ಬಿಳಿಕಲ್ಲಿನ ಪುಡಿ, ಸೌಳು ಮಣ್ಣಿನಿಂದ ತೆಗೆದ ಕ್ಷಾರ, ಎರಡೂ ಸೇರಿ ಉರಿಯಲ್ಲಿ ಗಾಜಾಗುತ್ತಿದ್ದವು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಮಲೆನಾಡಿನ ಹೆಣ್ಣುಮಕ್ಕಳಿಗೆ ಬಳೆ ಎಂದರೆ ಸೌಭಾಗ್ಯ. ವೈದ್ಯನಿಗೆ ಅದೇ ಗಾಜು ಸೀಸೆಯ ರೂಪದಲ್ಲಿ ಬೇಕಿತ್ತು.

ರಸಶಾಸ್ತ್ರದಲ್ಲಿ ಅದರ ಹೆಸರು ಕಾಚಕೂಪಿ. ಪಾದರಸವನ್ನೂ ಗಂಧಕವನ್ನೂ ಕಲ್ವದಲ್ಲಿ ಹೊತ್ತುಗಟ್ಟಲೆ ಅರೆದು ಕಾಡಿಗೆಯಂಥ ಕಜ್ಜಲಿ ಮಾಡಿ, ಸೀಸೆಯ ಮೂರನೆಯ ಒಂದು ಭಾಗಕ್ಕೆ ಮೀರದಂತೆ ತುಂಬುತ್ತಾರೆ. ಬರಿಯ ಸೀಸೆಯನ್ನು ಉರಿಗಿಟ್ಟರೆ ಸಿಡಿದೀತು. ಆದ್ದರಿಂದ ಮಣ್ಣು ಮೆತ್ತಿದ ಬಟ್ಟೆಯನ್ನು ಅದರ ಮೈಗೆ ಸುತ್ತುತ್ತಾರೆ. ಒಂದು ಸುತ್ತು ಒಣಗಿದ ಮೇಲೆ ಇನ್ನೊಂದು. ಹೀಗೆ ಏಳು ಸುತ್ತು. ಏಳು ಪದರದ ಈ ಮಣ್ಣುಡುಗೆ ತೊಟ್ಟ ಸೀಸೆಯನ್ನು ಮರಳು ತುಂಬಿದ ಪಾತ್ರೆಯಲ್ಲಿ ಕತ್ತಿನವರೆಗೆ ಹೂಳುತ್ತಾರೆ. ಇದಕ್ಕೆ ವಾಲುಕಾಯಂತ್ರವೆಂದು ಹೆಸರು. ಮರಳು ಉರಿಯ ಕಾವನ್ನು ಸುತ್ತಲೂ ಒಂದೇ ಸಮನೆ ಹಂಚುತ್ತದೆ. ಗಾಜಿನ ತಾಯಿ ಮರಳೇ. ಆ ತಾಯಿ ತನ್ನ ಮಡಿಲಲ್ಲಿ ಮಗಳನ್ನು ಕೂರಿಸಿಕೊಂಡು ಬೆಂಕಿಯಿಂದ ಕಾಯುತ್ತಾಳೆ.

ಮೊದಲು ಮಂದಾಗ್ನಿ, ಆಮೇಲೆ ಮಧ್ಯಮಾಗ್ನಿ, ಕೊನೆಗೆ ತೀವ್ರಾಗ್ನಿ. ಗಂಧಕದ ಹೊಗೆ ಸೀಸೆಯ ಬಾಯಲ್ಲಿ ಏಳುತ್ತದೆ. ಕತ್ತು ಕಟ್ಟಿಕೊಳ್ಳದಂತೆ ಕಾಸಿದ ಕಬ್ಬಿಣದ ಸಲಾಕೆಯನ್ನು ಆಗಾಗ ಒಳಗೆ ಇಳಿಸಿ ದಾರಿ ಬಿಡಿಸಬೇಕು. ಹೊಗೆ ನಿಂತು, ಸೀಸೆಯ ತಳ ಮೂಡುವ ಸೂರ್ಯನಂತೆ ಕೆಂಪಾಗಿ ಕಂಡಾಗ ಬಾಯಿಗೆ ಬಿರಡೆಯಿಟ್ಟು ಭದ್ರ ಮಾಡಬೇಕು. ಆಮೇಲೆ ಮದ್ದು ಆವಿಯಾಗಿ ಮೇಲೇರಿ ಸೀಸೆಯ ಕತ್ತಿನಲ್ಲಿ ಕೆಂಪಗೆ ಹೆಪ್ಪುಗಟ್ಟುತ್ತದೆ. ಅದೇ ರಸಸಿಂಧೂರ. ಅಷ್ಟು ಹೊತ್ತಿನ ಉರಿಯಲ್ಲಿ ಗಾಜು ಮೆತ್ತಗಾಗಿ ಕುಸಿಯುವ ಹಂತಕ್ಕೆ ಬಂದರೂ ಏಳು ಸುತ್ತಿನ ಮಣ್ಣು ಅದನ್ನು ಎದ್ದು ನಿಲ್ಲಿಸಿರುತ್ತದೆ. ಗಾಜು ಪಾದರಸವನ್ನು ಹಿಡಿಯಿತು, ಮಣ್ಣು ಗಾಜನ್ನು ಹಿಡಿಯಿತು, ಮರಳು ಎರಡನ್ನೂ ಹಿಡಿಯಿತು.

ತಾನಾಗಿ ಆರಿದ ಮೇಲೆ ಸೀಸೆಯನ್ನು ಹೊರತೆಗೆದು ಮಣ್ಣನ್ನು ಕೆರೆಯುತ್ತಾರೆ. ಒಡೆಯುವ ರೀತಿಯನ್ನು ಕಂಡವರು ಮರೆಯಲಾರರು. ಸುತ್ತಿಗೆಯಿಂದ ಹೊಡೆದರೆ ಗಾಜಿನ ಚೂರು ಮದ್ದಿಗೆ ಬಿದ್ದೀತು. ಅದಕ್ಕೆಂದು ಎಣ್ಣೆಯಲ್ಲಿ ನೆನೆಸಿದ ದಾರವನ್ನು ಸೀಸೆಯ ನಡುವಿಗೆ ಸುತ್ತಿ ಹೊತ್ತಿಸುತ್ತಾರೆ. ದಾರ ಉರಿದು ಮುಗಿದೊಡನೆ ಒದ್ದೆ ಬಟ್ಟೆಯನ್ನು ತಾಗಿಸುತ್ತಾರೆ. ಟಣ್ ಎಂಬ ಸದ್ದಿನೊಡನೆ ಸೀಸೆ ದಾರದ ಗೆರೆಯಲ್ಲೇ ಎರಡಾಗುತ್ತದೆ. ಇಷ್ಟು ದಿನ ಯಾವ ಬಿಸಿತಂಪಿನ ಪೆಟ್ಟಿನಿಂದ ಗಾಜನ್ನು ಕಾಪಾಡಿದರೋ ಅದೇ ಪೆಟ್ಟನ್ನು ಈಗ ಹತ್ಯಾರ ಮಾಡಿಕೊಂಡರು. ಗಾಜಿನ ಸ್ವಭಾವವನ್ನು ಇದಕ್ಕಿಂತ ಆಳವಾಗಿ ಅರಿತವರು ಯಾರು?

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಪಾದರಸ ವಿಷ. ಶುದ್ಧಿಯಾಗದ ರಸ ಕೊಲ್ಲುತ್ತದೆಂದು ಹಳೆಯ ಗ್ರಂಥಗಳೇ ಎಚ್ಚರಿಸಿವೆ. ಇಂದಿನ ವೈದ್ಯಶಾಸ್ತ್ರ ಆ ಎಚ್ಚರಿಕೆಯನ್ನು ಇನ್ನೂ ಬಿಗಿಗೊಳಿಸಿದೆ. ನಾನು ಕೊಂಡಾಡುತ್ತಿರುವುದು ಪಾತ್ರೆ ಮಾಡಿದವರ ಅರಿವನ್ನು. ಹಳೆಯ ಮದ್ದೆಂಬ ಒಂದೇ ಕಾರಣಕ್ಕೆ ಯಾರೂ ಅದನ್ನು ಕೈಗೆತ್ತಿಕೊಳ್ಳಬಾರದು.

ಸಿಂಹನಗದ್ದೆಯಿಂದ ಕಿಗ್ಗದವರೆಗೆ

ಭದ್ರೆಯ ಕಡೆಯ ನರಸಿಂಹರಾಜಪುರಕ್ಕೆ ಹಿಂದೆ ಎಡೆಹಳ್ಳಿ ಎಂದು ಹೆಸರಿತ್ತು; ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ನೆನಪಿಗೆ ಈಗಿನ ಹೆಸರು ಬಂತು. ಅಲ್ಲಿಯ ಸಿಂಹನಗದ್ದೆಯ ಜ್ವಾಲಾಮಾಲಿನಿ ಜೈನರ ಆರಾಧ್ಯ ಯಕ್ಷಿ. ಉರಿಯ ಮಾಲೆಯನ್ನೇ ಹೆಸರಾಗಿ ಧರಿಸಿದವಳು. ಕನ್ನಡ ನಾಡಿನ ವೈದ್ಯಕ್ಕೆ ಜೈನರ ಋಣ ದೊಡ್ಡದು. ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ಮಾಂಸದ ನಿಷ್ಫಲತೆಯನ್ನು ವಾದಿಸಿದ ಉಗ್ರಾದಿತ್ಯ ತನ್ನ ಕಲ್ಯಾಣಕಾರಕದಲ್ಲಿ ಮಾಂಸವನ್ನೂ ಮದ್ಯವನ್ನೂ ಮದ್ದಿನಿಂದ ದೂರವಿಟ್ಟ. ರಸಕ್ಕೆ ಮಾತ್ರ ಒಂದು ಅಧ್ಯಾಯವನ್ನೇ ಕೊಟ್ಟ. ಭಾರತೀತೀರ್ಥರು ಶೃಂಗೇರಿಯಲ್ಲಿದ್ದ ಕಾಲದಲ್ಲೇ, 1360ರ ಸುಮಾರಿನಲ್ಲಿ, ಜೈನ ಕವಿ ಮಂಗರಾಜ ಹಿಂದಿನ ಜೈನಾಚಾರ್ಯ ಪೂಜ್ಯಪಾದರನ್ನು ನೆನೆದು ವಿಷವೈದ್ಯವನ್ನು ಕನ್ನಡ ಪದ್ಯಗಳಲ್ಲಿ ಖಗೇಂದ್ರಮಣಿದರ್ಪಣವಾಗಿ ಕಟ್ಟಿದ. ಪ್ರಾಣಿಹಿಂಸೆಯನ್ನು ಬಿಟ್ಟ ವೈದ್ಯನಿಗೆ ಮೂಲಿಕೆ, ಖನಿಜ ಮತ್ತು ಬೆಂಕಿ ಹತ್ತಿರವಾಗುವುದು ಸಹಜ.

ಮತ್ತೆ ತುಂಗೆಯ ಕಡೆಗೆ ಬಂದರೆ, ಶೃಂಗೇರಿಯ ಹೆಸರಿನಲ್ಲೇ ಒಂದು ಕೋಡಿದೆ. ವಿಭಾಂಡಕನ ಮಗ ಋಷ್ಯಶೃಂಗ, ಹಣೆಯಲ್ಲಿ ಜಿಂಕೆಯ ಕೋಡು ಹೊತ್ತು ಹುಟ್ಟಿದವನು, ಅಂಗದೇಶದ ಬರವನ್ನು ನೀಗಿದವನು. ಶೃಂಗೇರಿಗೆ ಹತ್ತಿರದ ಕಿಗ್ಗದಲ್ಲಿ ಅವನ ಗುಡಿ. ಮಳೆ ಬಾರದಿದ್ದರೂ ಮಳೆ ನಿಲ್ಲದಿದ್ದರೂ ನಾಡು ಅಲ್ಲಿಗೇ ಬಂದು ಕೈಮುಗಿಯುತ್ತದೆ.

ಜಿಂಕೆ ಮತ್ತು ಕಡವೆಯ ಕೋಡು ಉಗುರಿನಂಥದ್ದಲ್ಲ; ಅದು ಮೂಳೆ. ಗಂಡು ಪ್ರಾಣಿ ಅದನ್ನು ವರ್ಷವರ್ಷವೂ ಉದುರಿಸಿ ಹೊಸದನ್ನು ಬೆಳೆಸುತ್ತದೆ. ರಸವೈದ್ಯರು ಕೋಡಿನ ತುಂಡುಗಳನ್ನು ತೆರೆದ ಬೆಂಕಿಯಲ್ಲಿ ಸುಟ್ಟು, ಎಕ್ಕದ ಹಾಲಿನಲ್ಲಿ ಅರೆದು ಬಿಲ್ಲೆ ತಟ್ಟಿ, ಒಂದರ ಮೇಲೊಂದು ಕವುಚಿದ ಎರಡು ಮಣ್ಣಿನ ತಟ್ಟೆಗಳೊಳಗೆ ಇಟ್ಟು, ಅಂಚಿಗೆ ಮಣ್ಣುಬಟ್ಟೆ ಸುತ್ತಿ, ಬೆರಣಿ ತುಂಬಿದ ಗುಂಡಿಯಲ್ಲಿ ಪುಟವಿಟ್ಟರು. ಕಪೋತಪುಟಕ್ಕೆ ಎಂಟೇ ಬೆರಣಿ. ಗಜಪುಟಕ್ಕೆ ಸಾವಿರಕ್ಕೂ ಮಿಕ್ಕು. ಬೆರಣಿಯ ಲೆಕ್ಕವೇ ಅವರ ಉಷ್ಣಮಾಪಕ. ಹೊರಬಂದ ಬಿಳಿಯ ಪುಡಿ ಶೃಂಗಭಸ್ಮ. ಎದೆನೋವಿಗೂ ಕೆಮ್ಮಿಗೂ ಕೊಡುತ್ತಿದ್ದ ಮದ್ದು. ಬೆರಳ ನಡುವೆ ತಿಕ್ಕಿದರೆ ಅದು ಚರ್ಮದ ಗೆರೆಗಳೊಳಗೆ ಇಳಿದು ಕೂರಬೇಕು, ನಿಂತ ನೀರಿನ ಮೇಲೆ ಹಾಕಿದರೆ ತೇಲಬೇಕು. ಇದು ಭಸ್ಮದ ನಯಕ್ಕೆ ಅವರಿಟ್ಟ ಪರೀಕ್ಷೆ. ಇಂದು ಕಾಡಿನ ಆ ಪ್ರಾಣಿಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತದೆ, ಕೋಡಿನ ವ್ಯಾಪಾರ ಅಪರಾಧ, ಹಾಗಿರುವುದೇ ಸರಿ.

ಆ ಬಿಳಿಯ ಪುಡಿ ಏನೆಂಬುದನ್ನು ಮುಂದಿನ ಯುಗದ ರಸಾಯನಶಾಸ್ತ್ರ ಹೇಳಿತು. ಮೂಳೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಆ ಖನಿಜ ಹೈಡ್ರಾಕ್ಸಿಅಪಟೈಟ್ ಎಂಬ ಜಾತಿಯದು. ಕೋಡನ್ನು ಸುಟ್ಟಾಗ ಜೈವಿಕ ಭಾಗವೆಲ್ಲ ಉರಿದುಹೋಗಿ ಉಳಿಯುವುದು ಅದೇ. ಅಂದರೆ ಸುಟ್ಟ ಕೋಡು ಒಂದು ಸೆರಾಮಿಕ್. ಮನುಷ್ಯನ ಎಲುಬಿನೊಳಗೆ ಹುಟ್ಟಿನಿಂದಲೇ ಇರುವ ಸೆರಾಮಿಕ್.

ಪಾತ್ರೆಯೇ ಮದ್ದಾದ ಕಾಲ

ವಿಜಯನಗರ ಹೋಯಿತು, ಕೆಳದಿ ಬಂತು. ಕೆಳದಿ ಹೋಯಿತು, ಮೈಸೂರು ಬಂತು. ಹಡಗಿನಲ್ಲಿ ಬಂದ ಅಗ್ಗದ ಗಾಜಿನೆದುರು ಹಳ್ಳಿಯ ಕುಲುಮೆಗಳು ಆರಿದವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಆರಂಭವಾಗಿ ಮಣ್ಣನ್ನು ಯಂತ್ರದಲ್ಲಿ ಅಚ್ಚೊತ್ತುವ ಕಾಲ ಬಂತು. ಹುಲ್ಲು ಮಾಡಿನ ಮಲೆನಾಡ ಮನೆಗಳು ಹೆಂಚು ಹೊದ್ದವು. ಸ್ವತಂತ್ರ ಭಾರತ 1950ರಲ್ಲಿ ಕಲ್ಕತ್ತೆಯಲ್ಲಿ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯನ್ನು ತೆರೆಯಿತು.

1967ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಎಂಬ ಗಾಜಿನ ವಿಜ್ಞಾನಿ ಸಮ್ಮೇಳನಕ್ಕೆ ಹೋಗುವ ಬಸ್ಸಿನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೇನಾಧಿಕಾರಿಯೊಬ್ಬನ ಪಕ್ಕದಲ್ಲಿ ಕುಳಿತಿದ್ದ. ಕೈಕಾಲು ಕಳೆದುಕೊಂಡ ಸೈನಿಕರ ದೇಹ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಒಲ್ಲೆನೆನ್ನುತ್ತದೆ. ದೇಹ ಒಪ್ಪುವ ವಸ್ತುವೊಂದನ್ನು ಮಾಡಲಾರೆಯಾ ಎಂದು ಆ ಅಧಿಕಾರಿ ಕೇಳಿದ. 1969ರಲ್ಲಿ ಹೆಂಚ್ ಒಂದು ಗಾಜು ಮಾಡಿದ. ನೂರಕ್ಕೆ 45 ಪಾಲು ಸಿಲಿಕಾ, ಸೋಡಾ 24.5, ಸುಣ್ಣ 24.5, ಫಾಸ್ಫರಸ್ ಆಕ್ಸೈಡ್ 6. ಇಲಿಯ ತೊಡೆಮೂಳೆಯಲ್ಲಿಟ್ಟು ಆರು ವಾರದ ಮೇಲೆ ನೋಡಿದರೆ ಗಾಜು ಮೂಳೆಗೆ ಬೆಸೆದುಹೋಗಿತ್ತು; ಬಿಡಿಸಲು ಬರಲಿಲ್ಲ. ಗಾಜಿನ ಮೈಮೇಲೆ ಮೂಳೆಯದೇ ಜಾತಿಯ ಅಪಟೈಟ್ ಪದರ ಬೆಳೆದಿತ್ತು. ಮರುವರ್ಷ, 1970ರಲ್ಲಿ, ಫ್ರಾನ್ಸಿನ ಪಿಯೆರ್ ಬೂಟಾಂ ಸೊಂಟದ ಕೀಲಿಗೆ ಅಲ್ಯೂಮಿನಾ ಸೆರಾಮಿಕ್ಕಿನ ಗುಂಡನ್ನು ಜೋಡಿಸಿದ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಕೋಲ್ಕತ್ತದ ಗಾಜು ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆ ದಾರಿಯನ್ನು ನಮ್ಮ ನಾಡಿನಲ್ಲೂ ತುಳಿದವು.

ಬಿಳಿಕಲ್ಲು, ಸೌಳು, ಸುಣ್ಣ, ಮೂಳೆಯ ಬೂದಿ. ಹೆಂಚ್‌ನ ಗಾಜನ್ನು ಬಿಡಿಸಿದರೆ ಸಿಗುವುದು ಇವೇ. ಮತ್ತೋಡಿನ ಬಳೆಗಾರನಿಗೆ ಮೊದಲೆರಡು ಗೊತ್ತಿದ್ದವು, ಭಸ್ಮ ಸುಡುವ ವೈದ್ಯನಿಗೆ ಕೊನೆಯದು ಗೊತ್ತಿತ್ತು. ಇಬ್ಬರ ಅರಿವೂ ಒಂದೇ ಮೂಸೆಯಲ್ಲಿ ಬೆರೆಯುವ ದಿನ ಮಾತ್ರ ಅವರ ಕಾಲದಲ್ಲಿ ಬರಲಿಲ್ಲ. ಬಳೆಗಾರ, ಕುಂಬಾರ, ಕಮ್ಮಾರ, ವೈದ್ಯ ಒಂದೊಂದು ಕೇರಿಯಲ್ಲಿ ಬಾಳಿದರು. ಅವರನ್ನು ಒಂದೇ ಜಗಲಿಗೆ ಕರೆದು ಕೂರಿಸುವ ಸಮಾಜ ನಮ್ಮದಾಗಿದ್ದರೆ ಎಂದು ಎಷ್ಟೋ ಸಲ ಎದೆ ಮರುಗುತ್ತದೆ.

ಕೊಪ್ಪದಲ್ಲಿ ಇಂದು ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ಕಾಲೇಜಿದೆ. ಆಯುರ್ವೇದ ಓದುವ ಮಕ್ಕಳ ಪಾಠದಲ್ಲಿ ರಸಶಾಸ್ತ್ರವುಂಟು. ಮೂಸೆ, ಪುಟ, ಕಾಚಕೂಪಿ ಅವರ ಬಾಯಲ್ಲಿ ಇನ್ನೂ ಜೀವಂತ ಪದಗಳು. ಆ ಮಕ್ಕಳಲ್ಲಿ ಒಬ್ಬಳಾದರೂ ಸೀಸೆಗೆ ಏಳನೆಯ ಸುತ್ತು ಸುತ್ತುವಾಗ, ಈ ಮಣ್ಣು ಯಾಕೆ ಬಿರಿಯುವುದಿಲ್ಲ ಎಂದು ಕೇಳಲಿ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೃತಕ ಮೂಳೆ ಸುಡುವವನೊಬ್ಬ, ವಜ್ರಮೂಸೆಗೆ ಮೂರು ಪಾಲೇ ಯಾಕೆ ಎಂದು ಕೇಳಲಿ. ಆ ಎರಡು ಪ್ರಶ್ನೆಗಳು ಸೇರಿದ ದಿನ ಮಾಧವರ ಗ್ರಂಥ ಮಣೆ ಹಾಕಿ ಕರೆದ ದರ್ಶನಕ್ಕೆ ಅದು ಕೇಳಿದ ಗಟ್ಟಿ ದೇಹ ಸಿಕ್ಕೀತು.

ಅಲ್ಲಿಯವರೆಗೆ ನನ್ನದೊಂದು ಬಿನ್ನಹ. ಗದ್ದೆ ಉಳುವಾಗ, ಬಾವಿ ತೋಡುವಾಗ, ಒಳಮೈ ಗಾಜಿನಂತೆ ಹೊಳೆಯುವ, ಗೋಡೆಯಲ್ಲಿ ಉಮಿಯ ಗುರುತು ಕಾಣುವ ಮಡಕೆಯ ಚೂರು ಸಿಕ್ಕಿದರೆ ಬೇಲಿಯಾಚೆ ಎಸೆಯಬೇಡಿ. ಸಿಕ್ಕ ಜಾಗ ಬರೆದಿಟ್ಟು, ಬಲ್ಲವರಿಗೆ ತೋರಿಸಿ. ಹೆಸರಿಲ್ಲದ ಕೈಯೊಂದು ಬತ್ತದ ಉಮಿಯನ್ನೂ ಹುತ್ತದ ಮಣ್ಣನ್ನೂ ಕಲಸಿ ಬೆಂಕಿಗೆ ಗೆಳತಿಯನ್ನು ಹುಡುಕಿಕೊಟ್ಟದ್ದಕ್ಕೆ ಆ ಚೂರೇ ಶಾಸನ.